ಮಗಳ ಪೆಟ್ಟಿಗೆಯನ್ನು ಯಾರು ತುಂಬಬೇಕು?

ನಮ್ಮ ಶಾಲೆಗಳಲ್ಲಿ ಓದಿ ಹೊರಬಿದ್ದ ಹೆಣ್ಣುಮಕ್ಕಳಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ವಿಮಾನವೇರಿ ಪರದೇಶಕ್ಕೆ ಹೋಗುವವರು ಈಗ ಬಹು ಮಂದಿ. ಹೊರಡುವ ಮುನ್ನಾದಿನ ಅವರ ಮನೆಗಳಲ್ಲಿ ನಡೆಯುವುದನ್ನು ತಾಯಂದಿರೆಲ್ಲರೂ ಬಲ್ಲರು. ಹುಡುಗಿಯು ಜಗಲಿಯಲ್ಲಿ ಕುಳಿತು ನೆಂಟರಿಷ್ಟರೊಡನೆ ಮಾತಾಡುತ್ತಿರುವಳು. ಒಳಗೆ ತಾಯಿಯೂ ಚಿಕ್ಕಮ್ಮನೂ ಅಜ್ಜಿಯೂ ಸೇರಿ ಅವಳ ಸೂಟ್‌ಕೇಸನ್ನು ತುಂಬುತ್ತಿರುವರು. ಈ ಪದ್ಧತಿಯು ಪ್ರೀತಿಯಿಂದ ಹುಟ್ಟಿದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದನ್ನು ಬಿಟ್ಟುಬಿಡತಕ್ಕದ್ದೆಂದು ನನ್ನ ಅಭಿಪ್ರಾಯ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಪ್ರಯಾಣಿಕರನ್ನು ಒಂದು ಪ್ರಶ್ನೆ ಕೇಳುವುದುಂಟು: ಈ ಪೆಟ್ಟಿಗೆಯನ್ನು ತುಂಬಿದವರು ನೀವೇ ಏನು? ಬೇರೆಯವರು ಕೊಟ್ಟ ವಸ್ತು ಇದರೊಳಗೆ ಇದೆಯೋ? ಸತ್ಯವನ್ನೇ ನುಡಿಯಬೇಕೆಂದು ಹತ್ತು ವರ್ಷ ಕಲಿಸಿದ ಮಗುವು ಆಗ 'ನಾನೇ ತುಂಬಿದೆನು' ಎಂದು ಹೇಳಬೇಕಾಗುತ್ತದೆ. ಅದು ಸುಳ್ಳು, ಆ ಸುಳ್ಳನ್ನು ಅವಳ ಬಾಯಲ್ಲಿಟ್ಟವರು ನಾವು. ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆ ಮೊದಲು ಉತ್ತರ ಹೇಳಬೇಕಾದವಳೂ ಅವಳೇ ಹೊರತು, ಊರಲ್ಲಿರುವ ಚಿಕ್ಕಮ್ಮನಲ್ಲ.

ಗಸಗಸೆಯ ಪಾಯಸವು ನಮ್ಮಲ್ಲಿ ಹಬ್ಬದ ಅಡಿಗೆ. ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಾದರೋ, ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ನಿಷಿದ್ಧ ವಸ್ತು. ಅಲ್ಲಿ ಕೆಲವು ನೋವಿನ ಗುಳಿಗೆಗಳಿಗೂ, ಕೊಡೀನ್ ಸೇರಿದ ಕೆಮ್ಮಿನ ಔಷಧಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಅಜ್ಜಿಗೆ ಇದು ತಿಳಿಯದು. ತಿಳಿಯದೆ ಒಂದು ಪೊಟ್ಟಣವನ್ನು ಸೀರೆಯ ಮಡಿಕೆಯಲ್ಲಿಡುವಳು. ಇದಕ್ಕಿಂತಲೂ ಭಯಂಕರವಾದದ್ದು ನೆರೆಮನೆಯ ಗಂಟು. 'ನಮ್ಮ ಹುಡುಗನಿಗೆ ಇಷ್ಟು ಮುಟ್ಟಿಸಿಬಿಡಮ್ಮಾ' ಎಂದು ಹೊಲಿದು ತಂದ ಗಂಟನ್ನು ದಾಕ್ಷಿಣ್ಯಕ್ಕೆ ಒಳಗಿಟ್ಟುಕೊಳ್ಳುವ ಮನೆಗಳು ಎಷ್ಟಿಲ್ಲ! ಕೊಟ್ಟವರ ಎದುರಿನಲ್ಲಿಯೇ ಬಿಚ್ಚಿ ನೋಡತಕ್ಕದ್ದು. ಅದಕ್ಕೆ ಅವರು ಮುನಿಸಿಕೊಂಡರೆ ಗಂಟನ್ನು ಹಿಂದಕ್ಕೆ ಕೊಡತಕ್ಕದ್ದು.

ಇನ್ನು ಭಾರದ ಮಾತು. ರೈಲಿನಲ್ಲಿ ಆಸನದ ಅಡಿಗೆ ಎಷ್ಟಾದರೂ ನೂಕಬಹುದೆಂಬ ಹಳೆಯ ಅಭ್ಯಾಸವು ನಮ್ಮನ್ನು ಬಿಟ್ಟಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಒಪ್ಪಿಸುವ ಪೆಟ್ಟಿಗೆಗೂ, 7 ಕಿಲೋ ಕೈಚೀಲಕ್ಕೂ ಮಿತಿ. ಪರದೇಶದ ಪ್ರಯಾಣದಲ್ಲಿ ಟಿಕೇಟಿನಲ್ಲಿ ಬರೆದಷ್ಟು. ಎಷ್ಟು ಹಣ ತೆತ್ತರೂ ಒಂದೇ ಪೆಟ್ಟಿಗೆಯು 32 ಕಿಲೋ ಮೀರಬಾರದೆಂಬ ಕಟ್ಟಳೆಯು ಬಹು ಕಡೆ ಇದೆ. ಅದು ಪೆಟ್ಟಿಗೆ ಎತ್ತುವ ಕೂಲಿಗಳ ಬೆನ್ನಿನ ಮೇಲಣ ಕನಿಕರದಿಂದಾದುದು, ಒಳ್ಳೆಯದೇ. ಬರಿಯ ಪೆಟ್ಟಿಗೆಯೇ ಮೂರು ನಾಲ್ಕು ಕಿಲೋ ತೂಗುವುದೆಂಬುದನ್ನು ಮರೆತು, ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ತೆರೆದು ಒಳಬಟ್ಟೆಗಳನ್ನು ಜನರೆದುರು ಹರಡಿಕೊಳ್ಳುವ ಹೆಂಗಸರನ್ನು ಕಂಡರೆ ಸಂಕಟವಾಗುತ್ತದೆ. ಸಣ್ಣದೊಂದು ತೂಗುವ ಕೊಕ್ಕೆಯು ಅಂಗಡಿಯಲ್ಲಿ ಸಿಕ್ಕುತ್ತದೆ, ಮನೆಯಲ್ಲಿಯೇ ತೂಗಿಕೊಳ್ಳಲಿ.

ಒಣಕೊಬ್ಬರಿಯನ್ನು ತೆಗೆದುಹಾಕುತ್ತಾರೆಂದು ಅನೇಕರು ಗೊಣಗುವುದುಂಟು. ಅದರೊಳಗಿನ ಎಣ್ಣೆಯ ದೆಸೆಯಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕಿನ ಸಂಗತಿಯೂ ಹಾಗೆಯೇ. ಅದು ಒಪ್ಪಿಸುವ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿಯೇ ಇರಬೇಕು, ಯಾಕಂದರೆ ಹೊಗೆಯೆದ್ದರೆ ಜನರ ಕಣ್ಣಿಗೆ ಬೀಳುವ ಸ್ಥಳ ಅದೊಂದೇ. ಉಪ್ಪಿನಕಾಯಿಯ ಭರಣಿಯು ಸೋರುವುದು ಮುಚ್ಚಳದ ದೋಷದಿಂದ ಮಾತ್ರವಲ್ಲ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡವು ಸುಮಾರು 6,000 ದಿಂದ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 6,330 ಅಡಿ. ಕರಾವಳಿಯಲ್ಲಿ ಮುಚ್ಚಿದ ಭರಣಿಯೊಳಗಿನ ಗಾಳಿಯು ಅಲ್ಲಿ ಹಿಗ್ಗಿ ಎಣ್ಣೆಯನ್ನು ಹೊರಕ್ಕೆ ದೂಡುತ್ತದೆ. ಕಂಠದ ತನಕ ತುಂಬಿ, ಬಿಗಿಯಾಗಿ ಮುಚ್ಚಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದರೆ ಸೀರೆಗಳು ಉಳಿದಾವು.

ತುಂಬುವ ವಿಧಾನವು ಕಠಿನವಲ್ಲ. ಭಾರದವು ಗಾಲಿಗಳ ಕಡೆಗೆ, ಹತ್ತಿಯ ಉಡುಪುಗಳು ಸುರುಳಿಯಾಗಿ, ರೇಷ್ಮೆ ಮೇಲೆ ಚಪ್ಪಟೆಯಾಗಿ, ಕಾಲುಚೀಲಗಳು ಬೂಟುಗಳೊಳಗೆ. ಪೆಟ್ಟಿಗೆಯು ಎರಡು ದಿನ ತಡವಾಗಿ ಬಂದರೂ ನಡೆಯುವಂತೆ ಒಂದು ಜೊತೆ ಬಟ್ಟೆಯೂ ನಿತ್ಯದ ಔಷಧವೂ ಕೈಚೀಲದಲ್ಲಿರಲಿ.

ಪಾಸ್‌ಪೋರ್ಟು ಮಾತ್ರ ಕೈಚೀಲದಲ್ಲಿಯೂ ಬೇಡ, ಮೈಮೇಲಿರಲಿ. 2024ನೆಯ ಜನವರಿ 2ರಂದು ತೋಕಿಯೋ ನಗರದ ಹಾನೆದಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವೊಂದು ಮತ್ತೊಂದಕ್ಕೆ ತಾಗಿ ಉರಿದುಹೋಯಿತು. ಸಣ್ಣ ವಿಮಾನದಲ್ಲಿದ್ದವರಲ್ಲಿ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ತಮ್ಮ ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಇಳಿದದ್ದು ಅವರು ಬದುಕಿದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು. ತಾಯಿಯು ಕೊಟ್ಟ ಚಿನ್ನದ ಸರವನ್ನು ತಲೆಯ ಮೇಲಣ ಕಪಾಟಿನಲ್ಲಿಟ್ಟ ಹುಡುಗಿಯು ಅದನ್ನು ತೊರೆದು ಓಡಿಯಾಳೇ? ಆದಕಾರಣ ಬಿಟ್ಟು ಬರಲಾರದಂಥದ್ದನ್ನು ಚೀಲದೊಳಗೆ ಇಡಲೇಬಾರದು.

ಹುಡುಗಿಯೇ ತುಂಬಿದರೆ ಏನಾದರೊಂದನ್ನು ಮರೆತಾಳೆಂದು ತಾಯಂದಿರು ಅನ್ನುವರು. ಮರೆಯಲಿ. ಪೌಲನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ತಿಮೊಥೆಯನಿಗೆ ಹೇಳಿಕಳುಹಿಸಿದನಷ್ಟೆ. ನಮಗಾದರೋ ಅಂಚೆಯಿದೆ, ಹೋದ ಊರಲ್ಲಿ ಅಂಗಡಿಗಳೂ ಇವೆ.

ಹಳೆಯ ವಿದ್ಯಾರ್ಥಿನಿಯರ ಮುಂದೆ ಒಂದು ಸೂಚನೆಯನ್ನಿಡುತ್ತೇನೆ. ಹೊಲಿಗೆಗೆ ಪಾಠದ ಹೊತ್ತಿರುವಂತೆ, ಕೊನೆಯ ತರಗತಿಯ ಹುಡುಗಿಯರಿಗೆ ವರ್ಷಕ್ಕೆ ಒಂದು ಮಧ್ಯಾಹ್ನ ಇದಕ್ಕೂ ದೊರೆಯಲಿ: ಮೇಜಿನ ತುಂಬ ಸಾಮಾನು, ಒಂದು ಬರಿಯ ಪೆಟ್ಟಿಗೆ, ಒಂದು ತಕ್ಕಡಿ, 15 ಕಿಲೋ ಮಿತಿ. ಯಾವುದನ್ನು ಬಿಡಬೇಕೆಂಬುದನ್ನು ಅವರೇ ಗೊತ್ತುಮಾಡಲಿ. ಪೆಟ್ಟಿಗೆಯನ್ನೂ ತಕ್ಕಡಿಯನ್ನೂ ನಮ್ಮ ಸಂಘದವರು ಕೊಡಿಸಬಹುದು.