ಕನ್ನಡ ಶಾಲೆ ಸೊರಗುವ ಮೊದಲೇ ಎಚ್ಚರಾಗಬೇಕು

ಯಾವ ಸರ್ಕಾರಿ ಶಾಲೆಗೂ ಒಂದೇ ದಿನದಲ್ಲಿ ಬೀಗ ಬೀಳುವುದಿಲ್ಲ. ಮೊದಲು ಒಬ್ಬ ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಆ ಜಾಗಕ್ಕೆ ಯಾರೂ ಬರುವುದಿಲ್ಲ. ಮರುವರ್ಷ ಒಂದನೇ ತರಗತಿಗೆ ಸೇರುವವರು ಕಡಿಮೆಯಾಗುತ್ತಾರೆ. ಕೈಲಾದವರ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಾರೆ. ಆಮೇಲೆ ‘ಮಕ್ಕಳೇ ಇಲ್ಲ’ ಎಂದು ವಿಲೀನದ ಮಾತು ಏಳುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳಲ್ಲಿ ಇದನ್ನು ಮೊದಲ ಹಂತದಲ್ಲೇ ತಡೆಯಬೇಕು.

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟು ಬಡ ಮಕ್ಕಳಿಗೆ ಉಚಿತವಾಗಿ ಮೀಸಲಾಗಿದ್ದವು. 2019ರಲ್ಲಿ ರಾಜ್ಯ ನಿಯಮ ಬದಲಿಸಿತು: ನೆರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆ ತುಂಬಲಿ ಎಂಬ ಆಶಯ ಸರಿಯೇ. ಆದರೆ ಅಲ್ಲಿ ಶಿಕ್ಷಕರೇ ಇಲ್ಲದಿದ್ದರೆ ನೇಕಾರರ, ಕಲ್ಲುಗಣಿ ಕಾರ್ಮಿಕರ ಮಗುವಿಗೆ ಎರಡೂ ಬಾಗಿಲು ಮುಚ್ಚಿದಂತೆ.

ಈ ಭಾಗಕ್ಕೆ ಸಂಘ–ಸಂಸ್ಥೆಗಳ ಶಾಲೆ ಹೊಸದಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲೇ ಹುಟ್ಟಿತು. ಇಳಕಲ್ಲಿನಲ್ಲಿ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘ ಬೆಳೆಯಿತು. ಇಂಥ ಸಂಘಗಳ ಅನುದಾನಿತ ಶಾಲೆಗಳು ಬಡವರ ಮಕ್ಕಳಿಗೂ ಅಕ್ಷರ ಕೊಟ್ಟಿವೆ. ನಿವೃತ್ತರಾದವರ ಹುದ್ದೆ ತುಂಬಲು ಸರ್ಕಾರ ತಡಮಾಡಿದರೆ ಆಡಳಿತ ಮಂಡಳಿ ಸ್ವಂತ ಹಣದಲ್ಲಿ ಶಿಕ್ಷಕರನ್ನು ಇಟ್ಟುಕೊಳ್ಳಬೇಕಾಗುತ್ತದೆ. ಆ ಭಾರ ಕೊನೆಗೆ ಪಾಲಕರ ಮೇಲೆ ಬೀಳುತ್ತದೆ.

ಬಾದಾಮಿ ಭಾಗದ ಹಳ್ಳಿ, ತಾಂಡಾಗಳಿಂದ ಗೋವಾ, ಮಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಕಥೆ ಇನ್ನೂ ಕಠಿಣ. ಮಗು ಜತೆಗೆ ಹೊರಟರೆ ಹಾಜರಿ ಇಳಿಯುತ್ತದೆ, ದಾಖಲಾತಿಯೂ ಕರಗುತ್ತದೆ. ಶಿಕ್ಷಕರ ಹುದ್ದೆ ನಿಗದಿಯಾಗುವುದು ಮಕ್ಕಳ ಸಂಖ್ಯೆಯ ಮೇಲೆ. ಹಾಗಾಗಿ ಗುಳೆ ಹೋದವರ ಬಡತನ ಊರಲ್ಲೇ ಉಳಿದ ಮಕ್ಕಳ ಶಿಕ್ಷಕರನ್ನೂ ಕಸಿಯುತ್ತದೆ.

ಕ್ಷೇತ್ರ ಶಿಕ್ಷಣಾಧಿಕಾರಿಗಳು ಪ್ರತಿ ಶಾಲೆಯ ಒಂದನೇ ತರಗತಿಯ ಮೂರು ವರ್ಷದ ದಾಖಲಾತಿಯನ್ನು ಪ್ರಕಟಿಸಲಿ. ಇಳಿಕೆ ಕಂಡಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಜತೆ ಕುಳಿತು ಕಾರಣ ಕೇಳಲಿ. ಅತಿಥಿ ಶಿಕ್ಷಕರು ಶಾಲೆ ತೆರೆಯುವ ದಿನವೇ ತರಗತಿಯಲ್ಲಿರಲಿ. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ವಸತಿ ಸಿಗಲಿ. ಕರ್ನಾಟಕ ಪಬ್ಲಿಕ್ ಶಾಲೆಗಳು ಬೆಳೆಯಲಿ, ಆದರೆ ಸುತ್ತಲಿನ ಸಣ್ಣ ಶಾಲೆಗಳನ್ನು ಮುಚ್ಚಿ ಅಲ್ಲ. ದೂರ ಹೆಚ್ಚಿದರೆ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗು.

ಖಾಸಗಿ ಶಾಲೆಗೆ ಕಳಿಸುವ ಪಾಲಕರನ್ನು ದೂರಿ ಫಲವಿಲ್ಲ. ಮನೆ ಹತ್ತಿರದ ಕನ್ನಡ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರಿದ್ದರೆ ಅವರೂ ನಂಬಿ ಮರಳುತ್ತಾರೆ. ಆ ನಂಬಿಕೆ ಗಳಿಸುವ ಹೊಣೆ ಸರ್ಕಾರದ್ದು, ಅದಕ್ಕಿರುವ ಕಾಲಾವಕಾಶ ಮುಂದಿನ ಜೂನ್‌ವರೆಗೆ ಮಾತ್ರ.