ಅಪ್ಪನ ಜೊತೆ ನೋಡಿದ ಸಿನಿಮಾಗಳು ಮತ್ತು ಕೆಳಗಿನ ಸಾಲು

ಕಳೆದ ಎರಡು ತಿಂಗಳಲ್ಲಿ ಯಾಕೋ ಜಾಸ್ತೀನೇ ಸಿನಿಮಾ ನೋಡಿಬಿಟ್ಟೆ. ನಾನೇನೂ ಸಿನಿಮಾ ಪಂಡಿತ ಅಲ್ಲ. ಕ್ಯಾಮೆರಾ ಆಂಗಲ್ಲು, ಮೇಕಿಂಗು ಅಂತೆಲ್ಲ ಕೊರೆಯೋಕೆ ಬರಲ್ಲ, ಊಟ ಆದ ಮೇಲೆ ಟಿವಿ ಮುಂದೆ ಕೂರೋ ಜಾತಿ. ಈ ಸಲ ಹೆಚ್ಚಿನವನ್ನ ಅಪ್ಪನ ಜೊತೆ ನೋಡಿದೆ. ಅಪ್ಪನಿಗೆ ಎರಡು ವರ್ಷದಿಂದ ಕಿವಿ ಮಂದ. ಕಿವಿಗೆ ಮಿಷನ್ ಇದೆ, ಎದುರಿಗೆ ಕೂತು ಮಾತಾಡಿದರೆ ಗೊತ್ತಾಗುತ್ತೆ. ಟಿವಿಯ ಮಾತು ಮಾತ್ರ ಎಲ್ಲಾ ಕಲಸಿಕೊಂಡು ಬರುತ್ತಂತೆ. ಹಾಗಾಗಿ ಈ ಕೆಳಗಿನ ಸಿನಿಮಾಗಳನ್ನ ಅಳೆಯೋಕೆ ಕಥೆ, ನಟನೆ ಜೊತೆಗೆ ಇನ್ನೊಂದು ಸ್ಕೇಲೂ ಸಿಕ್ಕಿತು: ಅಪ್ಪನಿಗೆ ಎಷ್ಟು ಮುಟ್ಟಿತು ಅನ್ನೋದು.

ಮೊದಲನೇದು ಪುಷ್ಪಕ ವಿಮಾನ (1987). ಸಿಂಗೀತಂ ಶ್ರೀನಿವಾಸ ರಾವ್ ಅವರದ್ದು. ಒಂದೂ ಮಾತಿಲ್ಲ. ಕೆಲಸ ಇಲ್ಲದ ಕಮಲ್ ಹಾಸನ್ ಕುಡಿದು ಬಿದ್ದ ಸಾಹುಕಾರನೊಬ್ಬನನ್ನ ಕಟ್ಟಿಹಾಕಿ, ಅವನ ಹೋಟೆಲ್ ರೂಮಿನಲ್ಲಿ ತಾನು ದರ್ಬಾರು ಮಾಡೋ ಕಥೆ. ಹಳೇ ಬೆಂಗಳೂರು ನೋಡೋದೇ ಒಂದು ಖುಷಿ. ಟೀನು ಆನಂದ್ ಐಸಿನ ಚಾಕು ಹಿಡ್ಕೊಂಡು ಕೊಲೆ ಮಾಡೋಕೆ ಬರೋದು, ಅದು ಕರಗೋದು... ಅಪ್ಪ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಎಷ್ಟೋ ದಿನದ ಮೇಲೆ ನಾವಿಬ್ಬರೂ ಒಂದೇ ಕ್ಷಣಕ್ಕೆ ನಕ್ಕಿದ್ದು. ಮಾಮೂಲಿಯಾಗಿ ನಾನು ನಕ್ಕ ಮೇಲೆ ಅವರು "ಏನಂದ ಅವ್ನು?" ಅಂತ ಕೇಳಿ, ನಾನು ಹೇಳಿ, ಅಷ್ಟೊತ್ತಿಗೆ ಜೋಕು ಸತ್ತಿರುತ್ತೆ.

ಈ ಸಿನಿಮಾದಲ್ಲಿ ಇನ್ನೊಂದು ಸಖತ್ ಐಡಿಯಾ ಇದೆ. ಕಮಲ್ ಮೊದಲು ಇದ್ದ ರೂಮಿನ ಪಕ್ಕದಲ್ಲೇ ಟಾಕೀಸು, ಫೈಟಿಂಗ್ ಸದ್ದು ಕೇಳ್ಕೊಂಡೇ ಮಲಗಿ ಅಭ್ಯಾಸ. ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರಲ್ಲ. ಕೊನೆಗೆ ಆ ಗಲಾಟೆಯನ್ನ ರೆಕಾರ್ಡ್ ಮಾಡ್ಕೊಂಡು ಬಂದು ಹಾಕ್ಕೊಂಡು ಮಲಗ್ತಾನೆ. ಈಗಿನ ನಮ್ಮ ಸಿನಿಮಾದವರಿಗೂ ಅದೇ ಖಾಯಿಲೆ ಇರಬೇಕು ಅನ್ಸುತ್ತೆ :)

ಯಾಕಂದ್ರೆ ಮುಂದೆ ನೋಡಿದ್ದು ಕೆ.ಜಿ.ಎಫ್ ಚಾಪ್ಟರ್ 2 (2022). ನನಗೆ ಇಷ್ಟ, ಸುಳ್ಳು ಹೇಳಲ್ಲ. ಯಶ್ ಬಂದ್ರೆ ಇವತ್ತಿಗೂ ಸೀಟಿನ ತುದಿಗೆ ಬರ್ತೀನಿ. ಆದರೆ ಪ್ರತಿ ಮಾತಿನ ಅಡಿಯಲ್ಲೂ ನಗಾರಿ ಬಾರಿಸಿದ ಹಾಗೆ ಮ್ಯೂಸಿಕ್ಕು. ಅಪ್ಪ ಅರ್ಧ ಗಂಟೆ ನೋಡಿ "ಸೌಂಡ್ ಬೇಕಾದಷ್ಟು ಕೇಳಿಸ್ತಿದೆ, ಮಾತು ಒಂದೂ ಕೇಳಿಸ್ತಿಲ್ಲ" ಅಂದು ಮಲಗೋಕೆ ಹೋದರು. ಸಪ್ತ ಸಾಗರದಾಚೆ ಎಲ್ಲೋ (2023) ತದ್ವಿರುದ್ಧ. ಅಲ್ಲಿ ಎಲ್ಲಾ ಪಿಸುಮಾತು. ರುಕ್ಮಿಣಿ ವಸಂತ್ ಕಣ್ಣಲ್ಲೇ ಅರ್ಧ ಕಥೆ ಹೇಳ್ತಾರೆ ಅನ್ನೋದು ನಿಜ, ಆದರೆ ಉಳಿದರ್ಧಕ್ಕೆ ಕಿವಿ ಬೇಕಲ್ಲ.

ಸೌಂಡ್ ಆಫ್ ಮೆಟಲ್ ಅನ್ನೋ ಇಂಗ್ಲಿಷ್ ಸಿನಿಮಾ ಮಾತ್ರ ಒಬ್ಬನೇ ನೋಡಿದೆ, ಬೇಕಂತಲೇ. ಡ್ರಮ್ಮರ್ ಒಬ್ಬನಿಗೆ ಕಿವಿ ಹೋಗುತ್ತೆ. ರಿಜ್ ಅಹ್ಮದ್ ನಟನೆ. 2021ರ ಆಸ್ಕರ್‌ನಲ್ಲಿ ಸೌಂಡ್‌ಗೂ ಎಡಿಟಿಂಗ್‌ಗೂ ಪ್ರಶಸ್ತಿ ಬಂದಿತ್ತು. ಅವನು ಇದ್ದಬದ್ದದ್ದೆಲ್ಲ ಮಾರಿ ಕಿವಿಗೆ ಇಂಪ್ಲಾಂಟ್ ಹಾಕಿಸ್ಕೋತಾನೆ. ಸದ್ದು ಬರುತ್ತೆ, ಆದರೆ ತಗಡಿನ ಡಬ್ಬಿ ಕೆರೆದ ಹಾಗೆ. ಅಪ್ಪ "ಕೇಳಿಸುತ್ತೆ, ತಿಳಿಯಲ್ಲ" ಅಂತ ಹೇಳ್ತಾ ಇರ್ತಾರಲ್ಲ, ಅದರ ಅರ್ಥ ಏನು ಅಂತ ನನ್ನ ಕಿವಿಗೇ ತೋರಿಸಿದ ಸಿನಿಮಾ ಇದು. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಆ ಕೆರೆತ ಜೋರಾಗುತ್ತೆ, ಅಷ್ಟೇ.

ಈಗ ತಿಥಿಗೆ ಬರ್ತೀನಿ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ಮಂಡ್ಯ ಕಡೆಯ ನೊದೆಕೊಪ್ಪಲು ಅನ್ನೋ ಹಳ್ಳಿ, ನಟನೆ ಗೊತ್ತಿಲ್ಲದ ಹಳ್ಳಿ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂದಿತ್ತು. 101 ವರ್ಷದ ಸೆಂಚುರಿ ಗೌಡ ದಾರೀಲಿ ಹೋಗೋರನ್ನೆಲ್ಲ ಕಿಚಾಯಿಸ್ತಾ ಕೂತಿರ್ತಾನೆ, ಎದ್ದು ನಾಲ್ಕು ಹೆಜ್ಜೆ ಹೋಗಿ ಸಾಯ್ತಾನೆ. ಸಿನಿಮಾ ಶುರು. ಆಮೇಲಿಂದ ಹನ್ನೊಂದನೇ ದಿನದವರೆಗೂ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ, ಒಬ್ಬೊಬ್ಬರದ್ದು ಒಂದೊಂದು ದಾರಿ. ತಮ್ಮಣ್ಣನಿಗೆ ಜಮೀನು, ಅಭಿಗೆ ಕುರಿ ಕಾಯೋ ಹುಡುಗಿ, ಗಡ್ಡಪ್ಪನಿಗೆ ಯಾವುದೂ ಬೇಡ, ಸುಮ್ನೆ ನಡೀತಾ ಇರಬೇಕು. ನನ್ನ ಪ್ರಕಾರ ಈಚಿನ ವರ್ಷಗಳ ಕನ್ನಡ ಸಿನಿಮಾಗಳಲ್ಲಿ ಇದಕ್ಕೆ ಸಮ ಇಲ್ಲ. ಇದರ ಜೀವ ಇರೋದು ಮಾತಲ್ಲಿ. ಆ ಬೈಗುಳ, ಆ ಎಳೆತ, ಕುರಿಯವರ ಜೊತೆ ಕೂತು ಗಡ್ಡಪ್ಪ ತನ್ನ ಹಳೇ ಕಥೆ ಹೇಳೋ ಆ ಧಾಟಿ!

ಅಪ್ಪನಿಗೆ ಆ ಮಾತು ಹೇಗೆ ಮುಟ್ಟಬೇಕು? ನಾವು ನೋಡಿದ ಕಡೆ ಕೆಳಗೆ ಇಂಗ್ಲಿಷ್ ಸಾಲು ಮಾತ್ರ ಇತ್ತು. ಅಪ್ಪ ಓದಿದ್ದು ಕನ್ನಡ ಮೀಡಿಯಮ್ಮು. ಇಂಗ್ಲಿಷ್ ಓದ್ತಾರೆ, ಆದರೆ ಅರ್ಧ ಸಾಲಿಗೆ ಬರೋದರಲ್ಲಿ ಅದು ಮಾಯ. ಮಂಡ್ಯದ ಬೈಗುಳವನ್ನ ಕನ್ನಡದ ಮನುಷ್ಯ ಒಬ್ಬ ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡ್ಕೊಂಡು, ಮತ್ತೆ ಮನಸ್ಸಲ್ಲೇ ಕನ್ನಡಕ್ಕೆ ತಂದುಕೊಳ್ಳಬೇಕು. ಇದಕ್ಕಿಂತ ತಮಾಷೆ ಬೇಕಾ?

ಒಬ್ಬ ಗೆಳೆಯನ ಹತ್ರ ಇದನ್ನ ಹೇಳಿದ್ರೆ "ಕನ್ನಡದೋರಿಗೆ ಕನ್ನಡ ಸಬ್‌ಟೈಟಲ್ ಯಾಕೋ?" ಅಂದ. ಹೆಚ್ಚಿನವರ ಯೋಚನೆ ಇಷ್ಟೇ. ಐಐಎಂ ಅಹಮದಾಬಾದಿನಲ್ಲಿದ್ದ ಬ್ರಿಜ್ ಕೊಠಾರಿ 1996ರಿಂದಲೂ ಇದರ ಬೆನ್ನು ಹತ್ತಿದ್ದಾರೆ. ಹಿಂದಿ ಹಾಡಿಗೆ ಹಿಂದಿಯಲ್ಲೇ, ಗುಜರಾತಿ ಹಾಡಿಗೆ ಗುಜರಾತಿಯಲ್ಲೇ ಸಾಲು ಹಾಕಿ, ದೂರದರ್ಶನದಲ್ಲಿ ತೋರಿಸಿ, ಅರೆಬರೆ ಓದು ಬರೋರು ಓದೋದು ಸುಧಾರಿಸುತ್ತೆ ಅಂತ ಹೇಳಿದವರು. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಿವಿ, ಕಣ್ಣಿನ ತೊಂದರೆ ಇರೋರಿಗೆ ಥಿಯೇಟರಿನಲ್ಲಿ ಸಿನಿಮಾ ಎಟುಕಬೇಕು ಅಂತ ಮಾರ್ಗಸೂಚಿಯನ್ನೂ ತಂದಿದೆ. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸರ್ಟಿಫಿಕೇಟ್ ತಗೊಳ್ಳೋ ಸಿನಿಮಾಗಳಿಗೆ ಆರು ತಿಂಗಳು, ಮಿಕ್ಕವಕ್ಕೆ ಎರಡು ವರ್ಷ ಗಡುವು ಕೊಟ್ಟಿತ್ತು. ಥಿಯೇಟರಿನ ಮಾತು ಅದು. ಅಪ್ಪನ ಥಿಯೇಟರು ನಮ್ಮ ಹಾಲಿನಲ್ಲಿದೆ.

ಮತ್ತೆ ಇದೇನು ರಾಕೆಟ್ ಕೆಲಸವೂ ಅಲ್ಲ. ಸಬ್‌ಟೈಟಲ್ ಫೈಲು ಅಂದ್ರೆ ಬರೀ ಅಕ್ಷರದ ಫೈಲು. ಒಂದು ನಂಬರು, ಸಾಲು ಶುರುವಾಗೋ ಟೈಮು, ಮುಗಿಯೋ ಟೈಮು, ಕೆಳಗೆ ಮಾತು. ಇಂಗ್ಲಿಷ್ ಸಾಲು ಬರೆಯೋಕೆ ಮುಂಚೆ ಕನ್ನಡದ ಸಂಭಾಷಣೆ ಯಾರದ್ದೋ ಕಂಪ್ಯೂಟರಿನಲ್ಲಿ ಇರಲೇಬೇಕಲ್ಲ? ಟೈಮಿಂಗೂ ರೆಡಿ ಇರುತ್ತೆ. ಕನ್ನಡ ಅಕ್ಷರ ಚೌಕಚೌಕವಾಗಿ ಕಾಣ್ತಿದ್ದ ಕಾಲದಿಂದ ಬ್ಲಾಗ್ ಬರೀತಿರೋ ಹಿರಿಯರು ನಮ್ಮಲ್ಲಿದ್ದಾರೆ, ಯೂನಿಕೋಡ್ ಬಂದು ಎಷ್ಟು ದಿನ ಆಯ್ತು ಅಂತ ನಾನು ಹೇಳಬೇಕಾಗಿಲ್ಲ.

ಒಂದು ಶನಿವಾರ ತಿಥಿಯ ಮೊದಲ ಹತ್ತು ನಿಮಿಷಕ್ಕೆ ನಾನೇ ಕೂತು ಬರೆದೆ. ಮೂರು ಗಂಟೆ ಹಿಡೀತು. ಟೈಮು ತಿಂದಿದ್ದು ತಾಂತ್ರಿಕ ಕೆಲಸ ಅಲ್ಲ, ಕಾಗುಣಿತ! ಆ ಮಾತನ್ನ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯೋದೋ, ಆಡಿದ ಹಾಗೇ ಬರೆಯೋದೋ? ತಿದ್ದಿದ್ರೆ ಸೆಂಚುರಿ ಗೌಡ ಮೇಷ್ಟ್ರಾಗಿ ಬಿಡ್ತಾನೆ. ಆಡಿದ ಹಾಗೇ ಬರೆದೆ. ಬ್ರೌಸರಿಗೆ ಒಂದು ಎಕ್ಸ್‌ಟೆನ್ಷನ್ ಹಾಕಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಓದಿದರು. ಎರಡನೇ ಬೈಗುಳಕ್ಕೆ ನಗೋಕೆ ಶುರು. ಆಮೇಲೆ "ಮುಂದಿನದು ಎಲ್ಲಿ?" ಅಂತ ಕೇಳಿದರು.

ಮುಂದಿನದು ವಾರಕ್ಕೆ ಹತ್ತು ನಿಮಿಷದ ಲೆಕ್ಕದಲ್ಲಿ ನಡೀತಿದೆ. ಸಿನಿಮಾ ಎರಡು ಗಂಟೆ ಮೇಲಿದೆ. ಅಲ್ಲೀತನಕ ಮಾತು ಕಮ್ಮಿ ಇರೋ ಒಳ್ಳೆ ಸಿನಿಮಾ ನಿಮಗೆ ಗೊತ್ತಿದ್ರೆ ದಯವಿಟ್ಟು ಹೇಳಿ. ಚಾಪ್ಲಿನ್ ಆಗಿದೆ. ವಾಲ್-ಇ ಕೂಡ ಆಯ್ತು, ಮೊದಲರ್ಧ ಅಪ್ಪನಿಗೆ ಬಹಳ ಹಿಡಿಸಿತು. ಮನುಷ್ಯರು ಬಂದು ಮಾತಾಡೋಕೆ ಶುರು ಮಾಡಿದ ಮೇಲೆ ಪೇಪರ್ ತಗೊಂಡರು.