ಬಾಟಲಿ ಎಡಗೈಯಲ್ಲಿರಲಿ

ಹೋದ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ವಿಮರ್ಶಕರೊಬ್ಬರು ಈಚಿನ ಕವಿತೆಗಳ ಬಗ್ಗೆ ಮಾತಾಡುತ್ತ, ‘ಇದೆಲ್ಲ ಉಗುರಿಗೆ ಬಣ್ಣ ಹಚ್ಚೋ ಕೆಲಸ ಕಣ್ರೀ, ಕೈ ಕೆಸರಾಗೋದೇ ಇಲ್ಲ’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ನಕ್ಕಾದ ಮೇಲೆ ನನ್ನ ಎಡಗೈ ನೋಡಿಕೊಂಡೆ. ಹಿಂದಿನ ಸಂಜೆ ಹಿಡಿದಿದ್ದ ಮರೂನ್ ಬಾಟಲಿಯದೊಂದು ಗೆರೆ ಕಿರುಬೆರಳಿನ ಬುಡದಲ್ಲಿ ಇನ್ನೂ ಉಳಿದಿತ್ತು.

ನಾನು ಕನ್ನಡ ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದೆ ಹೋದಾಗ ಮೈಸೂರಿನಲ್ಲಿರುವ ಚಿಕ್ಕಮ್ಮನ ಬ್ಯೂಟಿ ಪಾರ್ಲರ್‌ನಲ್ಲಿ ಶನಿವಾರ, ಭಾನುವಾರ ಕೆಲಸಕ್ಕೆ ನಿಂತೆ. ಈಗ ಎರಡು ವರ್ಷವಾಯಿತು. ವಿಷಯ ಗೊತ್ತಾದ ಅಧ್ಯಾಪಕರೊಬ್ಬರು ಪ್ರೀತಿಯಿಂದಲೇ, ‘ಯಾರ ಹತ್ರಾನೂ ಹೇಳ್ಕೋಬೇಡಮ್ಮ, ನಾಳೆ ಇಂಟರ್‌ವ್ಯೂನಲ್ಲಿ ಅವರೇ ಕೂತಿರ್ತಾರೆ’ ಅಂದಿದ್ದರು. ನಾನೂ ಹೇಳಿಕೊಂಡಿರಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ವಿಮರ್ಶಕರ ಆ ಹೋಲಿಕೆ ತಪ್ಪು. ಅದರಲ್ಲಿರುವ ತಾತ್ಸಾರದ ಮಾತು ಆಮೇಲೆ. ಮೊದಲಿಗೆ, ಆ ಕೆಲಸ ಏನೆಂಬುದೇ ಅವರಿಗೆ ಗೊತ್ತಿಲ್ಲ.

ನಿಮ್ಮ ಉಗುರಿಗೆ ನೀವೇ ಬಣ್ಣ ಹಚ್ಚಿಕೊಳ್ಳುವಾಗ ಬಾಟಲಿ ಮೇಜಿನ ಮೇಲಿರುತ್ತದೆ. ಬೇರೆ ದಾರಿಯಿಲ್ಲ. ಒಂದು ಕೈ ಹಚ್ಚುತ್ತದೆ, ಇನ್ನೊಂದು ಹಚ್ಚಿಸಿಕೊಳ್ಳುತ್ತದೆ. ಇನ್ನೊಬ್ಬರಿಗೆ ಹಚ್ಚುವಾಗಲೂ ಹಾಗೇ ಮಾಡಬಹುದು ಅಂದುಕೊಂಡೇ ನಾನು ಮೊದಲ ದಿನ ಕೂತಿದ್ದು. ಚಿಕ್ಕಮ್ಮ ಬಂದು ಬಾಟಲಿ ಎತ್ತಿ ನನ್ನ ಎಡ ಅಂಗೈಯಲ್ಲಿಟ್ಟು, ಉಂಗುರಬೆರಳು ಕಿರುಬೆರಳು ಎರಡನ್ನೂ ಅದರ ಸುತ್ತ ಮಡಿಸಿದರು. ‘ಇವೆರಡು ಬಾಟ್ಲಿಗೆ. ಉಳಿದ ಮೂರು ಕಸ್ಟಮರ್‌ಗೆ.’ ಅಷ್ಟೇ ಪಾಠ. ಅದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು.

ಒಂದೇ ಕೈ ಎರಡು ಕೆಲಸ ಮಾಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಎದುರಿಗೆ ಕೂತವರ ಬೆರಳನ್ನು ಮೃದುವಾಗಿ ಹಿಡಿದು, ಉಗುರಿನ ಪಕ್ಕದ ಚರ್ಮವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಿರಬೇಕು. ಹಿಂದಿನ ಎರಡು ಬೆರಳು ಬಾಟಲಿಯನ್ನು ಬಿಗಿಯಾಗಿ ಹಿಡಿದಿರಬೇಕು. ಮುಂದಿನ ಬೆರಳುಗಳಲ್ಲಿ ಸಡಿಲ, ಹಿಂದಿನವುಗಳಲ್ಲಿ ಬಿಗಿ. ಶುರುವಿನಲ್ಲಿ ನನಗೆ ಇದು ಉಲ್ಟಾ ಆಗುತ್ತಿತ್ತು: ಬಾಟಲಿ ಜಾರುತ್ತಿತ್ತು, ಕಸ್ಟಮರ್ ‘ಸ್ವಲ್ಪ ಮೆತ್ತಗೆ ಹಿಡ್ಕೊಳಮ್ಮ’ ಅನ್ನುತ್ತಿದ್ದರು. ಬಾಟಲಿಯ ಬಾಯಿ ಬಲಗೈ ಕಡೆಗೆ ಸ್ವಲ್ಪ ವಾಲಿರಬೇಕು. ತುಂಬಿದ ಬಾಟಲಿಯನ್ನು ಕಡಿಮೆ ವಾಲಿಸಬೇಕು, ಅರ್ಧ ಖಾಲಿಯಾದದ್ದನ್ನು ಹೆಚ್ಚು. ಅದಕ್ಕೇ ಕಲಿಯುವವರಿಗೆ ನಮ್ಮಲ್ಲಿ ಹೊಸ ಬಾಟಲಿ ಕೊಡುವುದಿಲ್ಲ. ಅರ್ಧಕ್ಕೆ ಇಳಿದದ್ದನ್ನೇ ಕೊಡುವುದು.

ಬ್ರಷ್ ಹೊರಬರುವಾಗ ಅದರ ಕಡ್ಡಿಗೆ ಅಂಟಿದ ಬಣ್ಣವನ್ನು ಬಾಟಲಿಯ ಬಾಯಿಗೆ ಒರೆಸಿಕೊಂಡೇ ಬರಬೇಕು. ಮರೆತರೆ ನಾಲ್ಕನೇ ಉಗುರಿನ ಹೊತ್ತಿಗೆ ಅದು ಕಡ್ಡಿಯಿಂದ ಇಳಿದು ತಾನಾಗಿ ತೊಟ್ಟಿಕ್ಕುತ್ತದೆ. ಆಮೇಲೆ ಬ್ರಷ್ಷಿನ ಒಂದು ಮಗ್ಗುಲನ್ನು ಮಾತ್ರ ಒರೆಸಿ, ಇನ್ನೊಂದು ಮಗ್ಗುಲಲ್ಲಿ ಒಂದು ಹನಿ ಉಳಿಸಿಕೊಳ್ಳಬೇಕು. ಆ ಹನಿ ಒಂದು ಉಗುರಿಗೆ ಸಾಕಾಗಬೇಕು, ಮಿಕ್ಕಬಾರದು. ಹೆಬ್ಬೆರಳಿಗೆ ದೊಡ್ಡ ಹನಿ, ಕಿರುಬೆರಳಿಗೆ ಚಿಕ್ಕದು. ಅದನ್ನು ಉಗುರಿನ ಬುಡಕ್ಕಿಂತ ಕೊಂಚ ಈಚೆಗಿಟ್ಟು, ಮೆಲ್ಲಗೆ ಬುಡದತ್ತ ತಳ್ಳಿ, ಅಲ್ಲಿಂದ ತುದಿಗೆ ಒಂದೇ ಎಳೆತ. ಆಮೇಲೆ ಎರಡು ಪಕ್ಕಕ್ಕೆ ಒಂದೊಂದು. ಬಲಗೈಯ ಕಿರುಬೆರಳು ಎಡಗೈಗೆ ಆತುಕೊಂಡಿದ್ದರೆ ಬ್ರಷ್ ನಡುಗುವುದಿಲ್ಲ.

ಇಷ್ಟಕ್ಕೆ ಬಾಟಲಿ ಕೈಯಲ್ಲೇ ಏಕಿರಬೇಕು? ಲೆಕ್ಕ ಹಾಕಿ. ಬೇಸ್ ಕೋಟ್ ಒಂದು, ಬಣ್ಣ ಎರಡು ಸಲ, ಟಾಪ್ ಕೋಟ್ ಒಂದು. ಹತ್ತು ಉಗುರಿಗೆ 40 ಸಲ ಬ್ರಷ್ ಅದ್ದಬೇಕು. ಬಾಟಲಿ ಮೇಜಿನ ಮೇಲಿದ್ದರೆ 40 ಸಲ ಕೈ ಅಲ್ಲಿಗೆ ಹೋಗಿ ಬರಬೇಕು, 40 ಸಲ ಕಣ್ಣು ಉಗುರು ಬಿಟ್ಟು ಬಾಟಲಿಯ ಬಾಯಿ ಹುಡುಕಬೇಕು. ಕಣ್ಣು ಸರಿದ ಕ್ಷಣದಲ್ಲೇ ಕಸ್ಟಮರ್‌ಗೆ ಫೋನ್ ಬರುತ್ತದೆ, ಕೈ ಅಲುಗುತ್ತದೆ. ಬಾಟಲಿ ಅಂಗೈಯಲ್ಲಿದ್ದರೆ ಅದಕ್ಕೂ ಉಗುರಿಗೂ ಇರುವ ದೂರ ಎರಡು ಬೆರಳಗಲ. ಕಣ್ಣು ಎತ್ತುವುದೇ ಬೇಡ.

ಇದನ್ನು ಒಪ್ಪದವರೂ ಇದ್ದಾರೆ, ಅವರ ವಾದವೂ ಹುರುಳಿಲ್ಲದ್ದಲ್ಲ. ನಮ್ಮಲ್ಲೇ ಕೆಲಸ ಮಾಡುವ ಅಕ್ಕ ಒಬ್ಬರು, ದಿನಕ್ಕೆ ಎಂಟು ಜನಕ್ಕೆ ಹಚ್ಚಿದರೆ ಕಿರುಬೆರಳು ಮರಗಟ್ಟುತ್ತದೆ, ಅಗಲ ಚೌಕದ ಬಾಟಲಿಗಳು ಸಣ್ಣ ಕೈಗೆ ಕೂರುವುದಿಲ್ಲ ಎಂದು ಮೇಜನ್ನೇ ನೆಚ್ಚಿದ್ದಾರೆ. ಜೆಲ್ ಪಾಲಿಶ್ ಆದರೆ ಅವರ ಮಾತೇ ಸರಿಯಿರಬಹುದು. ಅದು ಒಣಗುವುದು ದೀಪದ ಬೆಳಕಿಗೆ. ಬಾಯಿ ತೆರೆದ ಬಾಟಲಿಯನ್ನು ಹಿಡಿದುಕೊಂಡು ದೀಪದ ಹತ್ತಿರ ಓಡಾಡಿದರೆ ಒಳಗಿನದೂ ಗಟ್ಟಿಯಾಗುತ್ತದೆ. ಈ ಜಗಳ ನಮ್ಮಲ್ಲಿ ಟೀ ಹೊತ್ತಿನಲ್ಲಿ ನಡೆಯುತ್ತದೆ. ಉದಾಹರಣೆ ಕೊಡುತ್ತಾರೆ, ಖಂಡಿಸುತ್ತಾರೆ, ಕೈಯಲ್ಲಿ ಮಾಡಿ ತೋರಿಸುತ್ತಾರೆ. ಎಷ್ಟೋ ಸಂಕಿರಣಗಳಲ್ಲಿ ನಾನು ಇದರ ಅರ್ಧದಷ್ಟು ಶಿಸ್ತಿನ ಚರ್ಚೆಯನ್ನೂ ಕೇಳಿಲ್ಲ.

ಮುಚ್ಚಳದ ವಿಷಯವನ್ನೂ ಹೇಳಿಬಿಡುತ್ತೇನೆ. ಮಾಮೂಲಿ ನೈಲ್ ಪಾಲಿಶ್ ಎಂದರೆ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸ್. ದ್ರಾವಕ ಆರಿದರೆ ಉಗುರಿನ ಮೇಲೆ ಪದರ ನಿಲ್ಲುತ್ತದೆ. ಬಾಟಲಿಯೊಳಗೇ ಆರಿದರೆ ಅಂಟಾಗುತ್ತದೆ. ಹಾಗಾಗಿ ಎರಡು ಕೋಟ್‌ಗಳ ನಡುವೆ ಮುಚ್ಚಳ ಹಾಕಲೇಬೇಕು. ಕೆಲಸ ಮುಗಿದ ಮೇಲೆ ಬಾಯಿಯ ಸುತ್ತ ಕಟ್ಟಿದ ಬಣ್ಣವನ್ನು ಒರೆಸದಿದ್ದರೆ ಮುಚ್ಚಳ ಕೂರುವುದಿಲ್ಲ. ಗಟ್ಟಿಯಾದದ್ದಕ್ಕೆ ರಿಮೂವರ್ ಸುರಿಯುವವರು ಬಾಟಲಿಯನ್ನೇ ಕೆಡಿಸುತ್ತಾರೆ, ಅದಕ್ಕೆ ಥಿನ್ನರ್ ಬೇರೆಯೇ ಇದೆ. ಬಣ್ಣ ಬೆರೆಸಲು ಕುಲುಕಬಾರದು, ಗುಳ್ಳೆ ಏಳುತ್ತದೆ. ಎರಡು ಅಂಗೈ ನಡುವೆ ಇಟ್ಟು ಉರುಳಿಸಬೇಕು, ನಮ್ಮಜ್ಜಿ ಹೂಬತ್ತಿ ಹೊಸೆಯುತ್ತಿದ್ದ ಹಾಗೆ. ದಿನವಿಡೀ ಆ ವಾಸನೆ ಕುಡಿದು ಸಂಜೆಗೆ ಬರುವ ತಲೆನೋವಿನ ಬಗ್ಗೆ ಬರೆದರೆ ಅದೇ ಇನ್ನೊಂದು ಲೇಖನವಾದೀತು.

ಈಗ ತಾತ್ಸಾರದ ಮಾತಿಗೆ ಬರುತ್ತೇನೆ. ನಮ್ಮ ವಿಮರ್ಶೆಯ ಭಾಷೆಯೆಲ್ಲ ಕಸುಬುಗಳಿಂದ ಸಾಲ ತಂದದ್ದು. ಒಳ್ಳೆಯ ಕತೆಯ ನೇಯ್ಗೆ ಬಿಗಿಯಾಗಿರುತ್ತದೆ. ಒಳ್ಳೆಯ ಸಾಲು ಎರಕ ಹೊಯ್ದಂತಿರುತ್ತದೆ. ವಿವರಗಳಲ್ಲಿ ಕುಸುರಿ ಇರುತ್ತದೆ. ಸಂಸ್ಕೃತ ಮೀಮಾಂಸಕರಿಗೆ ಅಡುಗೆಮನೆಯೂ ಹಣ್ಣಿನ ತೋಟವೂ ಬೇಕಾದವು: ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ. ನೇಕಾರ, ಅಕ್ಕಸಾಲಿ, ಅಡುಗೆಯವರು ಎಲ್ಲರೂ ಪದ ಕೊಟ್ಟಿದ್ದಾರೆ. ಪಾರ್ಲರ್‌ನ ಹುಡುಗಿ ಮಾತ್ರ ಬೈಗುಳ ಕೊಡುತ್ತಾಳೆ. ಅಳತೆ, ಹದ, ಮಿತಿ ಇವನ್ನು ಕವಿಗೆ ಹೇಳಿಕೊಡಬೇಕಾದಾಗ ಒಂದು ಉಗುರಿಗೆ ಒಂದೇ ಹನಿ ಎಂಬುದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ತೋಚುವುದಿಲ್ಲ.

ಉಗುರಿಗೆ ಬಣ್ಣ ಎಂಬುದೇ ಕೀಳಾಗಿ ಕಂಡಿದ್ದರೆ ಆ ಮಾತು ಬೇರೆ. ಆಷಾಢದಲ್ಲಿ ಗೋರಂಟಿ ಅರೆದು ಹತ್ತು ಉಗುರಿಗೂ ಕಟ್ಟಿ ರಾತ್ರಿಯೆಲ್ಲ ಕೈ ಮೇಲೆತ್ತಿ ಮಲಗಿದ ಅಜ್ಜಿಯರ ಬಗ್ಗೆ ನಾವು ಲಲಿತ ಪ್ರಬಂಧ ಬರೆಯುತ್ತೇವೆ. ಗೋರಂಟಿಯಾದರೆ ಜಾನಪದ, ನೈಲ್ ಪಾಲಿಶ್ ಆದರೆ ಶೋಕಿ. ವ್ಯತ್ಯಾಸ ಬಣ್ಣದಲ್ಲಿಲ್ಲ. ಅಜ್ಜಿಗೆ ಕಟ್ಟಿದ್ದು ಅವಳ ಮನೆಯವರು. ಇಲ್ಲಿ ಕೂಲಿಗಾಗಿ ಹಚ್ಚುವವಳೊಬ್ಬಳಿದ್ದಾಳೆ.

ಕೂಲಿಗಾಗಿ ಇನ್ನೊಬ್ಬರ ಉಗುರು ಮುಟ್ಟುವುದು ನಮ್ಮ ಊರುಗಳಲ್ಲಿ ಯಾರ ಕೆಲಸವಾಗಿತ್ತು? ಕ್ಷೌರದ ಜೊತೆಗೆ ಉಗುರು ತೆಗೆಯುವುದೂ ಸೇರಿ ಒಂದು ಜಾತಿಯ ಪಾಲಿಗೆ ಬಂದಿತ್ತು. ಆ ಜಾತಿಯ ಹೆಸರನ್ನೇ ನಾವು ಬೈಗುಳ ಮಾಡಿಕೊಂಡೆವು. ಇಂಗ್ಲಿಷ್ ಬೋರ್ಡು, ಏಸಿ, ಕನ್ನಡಿ ಬಂದ ಮಾತ್ರಕ್ಕೆ ಆ ದೃಷ್ಟಿ ಹೋಗಿಲ್ಲ. ಪೆಡಿಕ್ಯೂರ್‌ಗೆ ಕೂತಾಗ ನನಗದು ಕಾಣುತ್ತದೆ. ಕಸ್ಟಮರ್ ಮೇಲೆ, ನಾನು ಕೆಳಗೆ ಪುಟ್ಟ ಸ್ಟೂಲಿನ ಮೇಲೆ, ಅವರ ಪಾದ ನನ್ನ ತೊಡೆಯ ಮೇಲಿನ ಟವೆಲ್ಲಿನಲ್ಲಿ. ಅಲ್ಲಿ ಮೇಜೂ ಇಲ್ಲ, ಬಾಟಲಿ ಕೈಯಲ್ಲೇ ಇರಬೇಕು. ಒಮ್ಮೆ ಒಬ್ಬರು ಮೇಲಿನಿಂದ, ‘ಓದ್ಕೊಂಡಿದ್ದೀಯಾ?’ ಎಂದು ಕೇಳಿದರು. ಪಿಎಚ್‌.ಡಿ. ಅಂದೆ. ಅವರು ಥಟ್ಟನೆ ಪಾದ ಎಳೆದುಕೊಂಡರು. ನಾಚಿಕೆಯಿಂದ, ಪಾಪ. ಬಣ್ಣ ನನ್ನ ಟವೆಲ್ಲಿಗೆ ಬಳಿಯಿತು. ಮಾಡುತ್ತಿದ್ದ ಕೆಲಸ ಅದೇ, ಮಾಡುವ ಕೈ ಅದೇ. ಓದಿದವಳು ಮುಟ್ಟಿದರೆ ಸಂಕೋಚ, ಓದದವಳು ಮುಟ್ಟಿದರೆ ಇಲ್ಲ.

ನಮ್ಮ ವಿಭಾಗದಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನ ಬಗ್ಗೆಯೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನ ಬಗ್ಗೆಯೂ ಪಾಠ ನಡೆಯುತ್ತದೆ. ಕಾಯಕದ ಮೇಲೆ ಪ್ರತಿ ವರ್ಷ ಪ್ರಬಂಧ ಮಂಡನೆಯಾಗುತ್ತದೆ. ಹಾಗೆ ಮಂಡಿಸಿದವಳು ಅದೇ ಶನಿವಾರ ಎಲ್ಲಿಗೆ ಹೋಗುತ್ತಾಳೆಂದು ಹೇಳಿಕೊಂಡರೆ ಮಾತ್ರ ಇಂಟರ್‌ವ್ಯೂ ಕೆಡುತ್ತದೆ. 12ನೇ ಶತಮಾನದ ಕಾಯಕವಾದರೆ ನಮಗೆ ಅಡ್ಡಿಯಿಲ್ಲ.

ಅಂದು ಸಭೆಯಲ್ಲಿ ನಾನು ಸುಮ್ಮನಿದ್ದೆ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ. ಆ ಹಿರಿಯರು ಈ ಪತ್ರಿಕೆ ಓದುತ್ತಾರೆಂದು ಗೊತ್ತು. ಸರ್, ಭಾನುವಾರ ಹನ್ನೊಂದರ ಮೇಲೆ ರಶ್ ಇರುತ್ತದೆ, ಅದಕ್ಕೆ ಮುಂಚೆ ಬನ್ನಿ. ಚಿಕ್ಕಮ್ಮ ಕೈ ಚಾಚಿ ಕೂರಲು ಒಪ್ಪಿದ್ದಾರೆ. ನಿಮಗೂ ಅರ್ಧಕ್ಕೆ ಇಳಿದ ಬಾಟಲಿಯನ್ನೇ ಕೊಡುತ್ತೇವೆ.